ಹೊಸ ನೀರಿನ ಔಷಧ

ವನದುರ್ಗದ ಗುರುಲಿಂಗಮ್ಮ ಕುರಿ ಕಾಯುವ ಮನೆತನದ ಸೊಸೆ. ಕುರಿ ಗಂಡ ಬೀರಣ್ಣನ ಪಾಲಿಗೆ, ಹಿತ್ತಲಿನ ಕೋಳಿ ಆಕೆಯ ಪಾಲಿಗೆ. ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು.

ಊರಿಗೆ ಕಾಲುವೆ ಬಂದಮೇಲೆ ಆ ಕೋಳಿಗಳ ತತ್ತಿ ಕೆಟ್ಟವು. ಸಿಪ್ಪೆ ಹಪ್ಪಳದಂಗೆ ತೆಳು. ಒಡೆದರೆ ಬಿಳಿ ಲೋಳೆ ನೀರಾಗಿ ಹರಿಯುತ್ತಿತ್ತು. ಶಹಾಪುರಕ್ಕೆ ತತ್ತಿ ಒಯ್ದು ಮಾರುವ ಮಮ್ತಾಜ ಬುಟ್ಟಿಯನ್ನೇ ತಿರುಗಿಸಿ ಕೊಟ್ಟಳು.

"ಅಕ್ಕಾ, ಬಸ್ಸಿನವ ಹಾರನ್ ಹೊಡದ್ರ ಸಾಕು, ನಿನ್ನ ತತ್ತಿ ಒಡೀತಾವ. ಮಂದಿಗಿಂತ ನನ್ನ ಸೀರಿನೇ ಹೆಚ್ಚು ತಿಂದದ."

ಬೀರಣ್ಣ ಅಂದ: "ದಸರಾ ತನಕ ನೋಡ್ತೀನಿ. ಆಮ್ಯಾಲ ಎಲ್ಲಾ ಕೋಳಿ ಕೊಯ್ಯವಗ ಕೊಟ್ಟುಬಿಡೋದು."

ಮರುದಿನ ಬೆಳಿಗ್ಗೆಯೇ ಗುರುಲಿಂಗಮ್ಮ ದನದ ದವಾಖಾನೆಗೆ ಹೋದಳು.

ಅಲ್ಲಿನ ನೀಲಕಂಠ ಒಂದು ಪುಡಿ ಕೊಟ್ಟ. "ಇದು ಔಷಧ ಅಲ್ಲ ಯವ್ವಾ. ಹಾಲಿಗಿ ಹೆಪ್ಪು ಇದ್ದಂಗ ಕೋಳಿ ಕರುಳಾಗ ಕಣ್ಣಿಗಿ ಕಾಣದ ಒಳ್ಳೆ ಹುಳ ಇರ್ತಾವ. ಅವುಕ್ಕ ಇದು ಊಟ. ಅವು ಚೆಂದ ಇದ್ರ ತಿಂದ ಸುಣ್ಣ ಮೈಗಿ ಹತ್ತತದ, ಸಿಪ್ಪಿ ಗಟ್ಟಿ ಆಗತದ."

"ಹುಳಕ್ಕ ಊಟ ಹಾಕೋದಾ? ನಾವು ಹುಳ ಸಾಯಿಸಿ ಬಾಳೇವು ಮಾಡಿದ ಮಂದಿ ತಮ್ಮಾ!"

ನಕ್ಕರೂ ಜೋಳದ ನುಚ್ಚಿನಲ್ಲಿ ದಿನಾ ತಪ್ಪದೆ ಕಲಸಿ ಹಾಕಿದಳು. ತತ್ತಿ ಮಾತ್ರ ಹಂಗೇ ಉಳಿದವು. ದಸರಾಕ್ಕೆ ಮೂರೇ ವಾರ ಉಳಿಯಿತು. ನೀಲಕಂಠ ತಾನೇ ಹಿತ್ತಲಿಗೆ ಬಂದು ನೋಡಿದ. ಕೋಳಿ ಕುಡಿಯುವ ಪರಿಯಾಣದ ನೀರು ಅರಿಶಿನದಂಗೆ ಹಳದಿ.

"ಇದೇನು ಯವ್ವಾ?"

"ಹೊಸ ನೀರಿನ ಔಷಧ. ಕಾಲುವಿಗಿ ನೀರು ಬಿಟ್ಟಾರಲ್ಲ?"

ಕುರಿಯವರ ಮನೆಯಲ್ಲಿ ಹೊಸ ನೀರು ಬಂತೆಂದರೆ, ಜಡ್ಡು ಬಾರದಿರಲೆಂದು ಕುರಿಗೆ ಮೊದಲು ಔಷಧ. ಅತ್ತೆಯ ಕಾಲದಲ್ಲಿ ಹೊಸ ನೀರೆಂದರೆ ಮುಂಗಾರಿಗೆ ಹಳ್ಳಕ್ಕೆ ಬರುವ ಕೆಂಪು ನೀರು, ವರ್ಷಕ್ಕೊಮ್ಮೆ. ಈಗ ಕಾಲುವೆಗೆ ಒಂದು ವಾರ ನೀರು ಬಿಡುತ್ತಾರೆ, ಒಂದು ವಾರ ಕಟ್ಟುತ್ತಾರೆ. ಬಿಟ್ಟಾಗೆಲ್ಲ ಗುರುಲಿಂಗಮ್ಮನಿಗೆ ಅದು ಹೊಸ ನೀರೇ. ಗುಳಿಗೆ ಅಂಗಡಿಯಿಂದ ತಂದ, ಜಡ್ಡಿನ ಹುಳ ಕೊಲ್ಲುವ ಹಳದಿ ಪುಡಿ ಕೋಳಿಯ ನೀರಿಗೆ ಕದಡಿ ಇಡುತ್ತಿದ್ದಳು.

ನೀಲಕಂಠ ಹಣೆ ಹಿಡಿದುಕೊಂಡ. "ಅದಕ್ಕ ಒಳ್ಳೇದು ಕೆಟ್ಟದ್ದು ಗೊತ್ತಿಲ್ಲ, ಎಲ್ಲಾ ಹುಳಾನೂ ಕೊಲ್ಲತದ. ನೀ ನುಚ್ಚಿನಾಗ ಊಟ ಇಡ್ತಿ, ನೀರಾಗ ವಿಷ ಇಡ್ತಿ. ಉಣ್ಣಾಕ ಯಾರು ಉಳಿಬೇಕು? ಕೋಳಿಗಿ ಜಡ್ಡಾದ್ರ ನನ್ನ ಕೇಳು. ಆ ಔಷಧ ತತ್ತಿಗೂ ಇಳದಿರತದ, ಎರಡು ವಾರ ತತ್ತಿ ಯಾರೂ ತಿನ್ನಬ್ಯಾಡ್ರಿ, ಮಣ್ಣಾಗ ಹಾಕು."

ತತ್ತಿ ಹುಗಿಯುವಾಗ ಆಕೆಯ ಕಣ್ಣು ತುಂಬಿದವು. ಆದರೆ ಅಂದಿನಿಂದ ಬೋರಿನ ನೀರು, ದಿನಾ ಬೆಳಿಗ್ಗೆ ತೊಳೆದ ಪರಿಯಾಣ, ನುಚ್ಚಿನಲ್ಲಿ ಪುಡಿ. ಬೇರೆ ಏನೂ ಇಲ್ಲ.

ದಸರಾದ ಹಿಂದಿನ ದಿನ ಮಮ್ತಾಜ ಬಂದು ತತ್ತಿಯನ್ನು ಉಗುರಿನಿಂದ ತಟ್ಟಿದಳು. ಇನ್ನೊಂದನ್ನೂ ತಟ್ಟಿದಳು. ಎರಡೂ ಗಟ್ಟಿ. ಬುಟ್ಟಿಗಿಟ್ಟುಕೊಂಡಳು. ಒಂದು ಮುದಿ ಕೋಳಿಯದು ಮಾತ್ರ ಇನ್ನೂ ತೆಳು. ಅದನ್ನು ತೆಗೆದು ಪಕ್ಕಕ್ಕಿಟ್ಟಳು.

ಬೀರಣ್ಣ ಬಾಗಿಲಲ್ಲಿ ನಿಂತು ನೋಡಿ ಚಪ್ಪಲಿ ಮೆಟ್ಟಿದ.

"ಎಲ್ಲಿಗಿ ಹೊಂಟ್ರಿ?"

"ಕೋಳಿ ಕೊಯ್ಯವಗ ನಾಳಿ ಬರಬ್ಯಾಡ ಅಂತ ಹೇಳಿ ಬರ್ತೀನಿ."

"ಯಾಕ ಅಂದ್ರ ಏನಂತೀರಿ?"

"ಗಟ್ಟಿ ತತ್ತಿ ಇಡಾಕತ್ತಾವ, ಅವುಕ್ಕ ಪುರಸೊತ್ತಿಲ್ಲ ಅಂತೀನಿ."