ಹಲ್ಲು ಸರಿಯಾದ ಮೇಲೆ ನಿಂತುಹೋದ ಮುದ್ದೆ

ದೊಡ್ಡಬಳ್ಳಾಪುರದ ಮಕ್ಕಳ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಮುಂದಿನ ಮೇಜು ನನ್ನದು. ಟೋಕನ್ ಕೊಡುವುದು, ಫೋನ್ ಎತ್ತುವುದು, ಅಳುವ ಮಕ್ಕಳ ಕೈಗೆ ಬಲೂನು ತುರುಕುವುದು ಎಲ್ಲ ನಾನೇ. ಯಾರಾದರೂ ಸಿಟ್ಟು ಮಾಡಿಕೊಂಡು ಬಂದರೆ ಅವರನ್ನು ಕೂರಿಸಿ ಕೇಳುವುದೂ ನನ್ನ ಪಾಲಿಗೇ ಬಂದಿದೆ. ನಿಜ ಹೇಳಬೇಕೆಂದರೆ ಆ ಕೆಲಸವೇ ನನಗೆ ಇಷ್ಟ. ಬಸ್ಸಿನಲ್ಲಿ ಇಬ್ಬರು ಜಗಳವಾಡುತ್ತಿದ್ದರೆ, ಅದು ಯಾವುದಕ್ಕೆ ಶುರುವಾಯಿತು ಅಂತ ಗೊತ್ತಾಗುವವರೆಗೆ ನನ್ನ ಸ್ಟಾಪ್ ಬಂದರೂ ಇಳಿಯಲು ಮನಸ್ಸು ಬರುವುದಿಲ್ಲ. ನಮ್ಮ ಮನೆಯವರು ಇದಕ್ಕೆ ಊರ ಉಸಾಬರಿ ಅನ್ನುತ್ತಾರೆ. ಅನ್ನಲಿ, ಆ ಉಸಾಬರಿಗೇ ನನಗೆ ಸಂಬಳ ಬರುತ್ತಿದೆ.

ಮಕ್ಕಳ ಹಲ್ಲಿನ ದೂರುಗಳು ಹೆಚ್ಚಾಗಿ ಒಂದೇ ಜಾತಿಯವು. ಬಿದ್ದುಹೋಗುವ ಹಲ್ಲಿಗೆ ಇಷ್ಟೆಲ್ಲ ಯಾಕೆ ಅನ್ನುವುದು ಒಂದು. ಸೂಜಿ ಚುಚ್ಚುವುದಿಲ್ಲ ಅಂತ ಹೇಳಿ ಚುಚ್ಚಿದರು ಅನ್ನುವುದು ಇನ್ನೊಂದು. ಇವಕ್ಕೆಲ್ಲ ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಬಂದ ದೂರಿಗೆ ಮಾತ್ರ ನನ್ನ ಹತ್ತಿರ ಏನೂ ಇರಲಿಲ್ಲ.

ಸಾಸಲು ಕಡೆಯ ಹಳ್ಳಿಯಿಂದ ಒಬ್ಬ ತಂದೆ ಫೋನ್ ಮಾಡಿದ್ದರು. ಹೊಲವೂ ಇದೆ, ಫ್ಯಾಕ್ಟರಿ ಕೆಲಸವೂ ಇದೆ ಎನ್ನುವಂಥವರು. ಶಿಫ್ಟ್ ನಡುವೆ ಮಾಡಿದ್ದಿರಬೇಕು, ಹಿಂದೆ ಮೆಷಿನ್ನುಗಳ ಸದ್ದು ಕೇಳುತ್ತಿತ್ತು.

"ಮೇಡಂ, ನಮ್ ಮಗಳು ಮುದ್ದೆ ತಿಂತಿಲ್ಲ. ನಿಮ್ಮತ್ರ ಹಲ್ಲು ತೋರಿಸ್ಕೊಂಡ್ ಬಂದಾಗಿಂದ ಮುಟ್ತಾನೇ ಇಲ್ಲ. ಅದೇನ್ ಮಾಡಿದೀರಾ ಮೊದ್ಲು ಹೇಳಿ."

ಹುಡುಗಿ ನನಗೆ ನೆನಪಿದ್ದಳು. ಒಂದನೇ ಕ್ಲಾಸು, ಎರಡು ಜಡೆ, ಕಂಡದ್ದನ್ನೆಲ್ಲ ಇದೇನು ಅದೇನು ಅಂತ ಕೇಳುವ ಬಾಯಿ. ಕೆಳಗಿನ ದವಡೆ ಹಲ್ಲೊಂದು ಬೇರಿನವರೆಗೆ ಹುಳುಕಾಗಿ ಕೆನ್ನೆ ಊದಿಸಿಕೊಂಡು ಬಂದಿದ್ದಳು. ನೋವಿಗೆ ಏನನ್ನೂ ಅಗಿಯದೆ ಗಬಗಬ ನುಂಗುತ್ತಾಳೆ ಅಂತ ತಾಯಿ ಹೇಳಿದ್ದರು. ಡಾಕ್ಟರು ಹಲ್ಲನ್ನು ಶುಚಿ ಮಾಡಿ, ಒಳಗೆ ಔಷಧಿ ಇಟ್ಟು, ಸದ್ಯಕ್ಕೆ ಅಂತ ಮೆತ್ತನೆಯ ಸಿಮೆಂಟು ಮುಚ್ಚಿ, ಎಲ್ಲ ಮಕ್ಕಳಿಗೂ ಹೇಳುವ ಬುದ್ಧಿಮಾತು ಹೇಳಿ ಕಳಿಸಿದ್ದರು. ಮುಂದಿನ ಸಲ ಬಂದಾಗ ಬೇರು ತುಂಬಿಸಿ, ಮೇಲೆ ಕ್ಯಾಪ್ ಹಾಕಬೇಕಿತ್ತು. ಅಂದರೆ ಹಲ್ಲಿನ ಕೆಲಸ ಅರ್ಧಕ್ಕೆ ನಿಂತಿತ್ತು. ಆ ಸಿಮೆಂಟು ಸವೆದರೆ ಮತ್ತೆ ಕೀವಾಗುತ್ತದೆ, ಅಡಿಯಲ್ಲಿ ಹುಟ್ಟುತ್ತಿರುವ ಹೊಸ ಹಲ್ಲಿಗೂ ಪೆಟ್ಟು ಬೀಳಬಹುದು.

ಕರೆದುಕೊಂಡು ಬನ್ನಿ ಅಂದೆ. ಅಪ್ಪ, ಅಮ್ಮ, ಮಗಳು ಮೂವರೂ ಬಂದರು. ಡಾಕ್ಟರು ಬೆಳಕು ಹಾಕಿ ನೋಡಿದರು, ತಟ್ಟಿ ನೋಡಿದರು, ಕುತ್ತಿಗೆ ಮುಟ್ಟಿ ನೋಡಿದರು. ಅವರು ಬಾಗಲಕೋಟೆ ಕಡೆಯವರು, ನಮ್ಮೂರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ.

"ಎಲ್ಲಾ ಚಲೋ ಐತ್ರೀ. ಬಾವಿಲ್ಲ, ನೋವಿಲ್ಲ. ಮುಂದಿಂದೊಂದು ಹಲ್ಲು ಅಲ್ಲಾಡಾಕತ್ತೈತಿ, ಅದು ಈ ವಯಸ್ಸಿಗೆ ಆಗೋದ."

ನಾನು ನನ್ನ ಡಬ್ಬಿಯಲ್ಲಿದ್ದ ಕೋಡುಬಳೆ ಕೊಟ್ಟೆ. ಹುಡುಗಿ ಕಟಕಟ ಅಗಿದು ತಿಂದು ಇನ್ನೊಂದಕ್ಕೆ ಕೈ ಚಾಚಿದಳು. ಕೋಡುಬಳೆ ಕಡಿಯುವ ಬಾಯಿಗೆ ಮುದ್ದೆ ಯಾಕೆ ಬೇಡ? ಅದೇ ಪ್ರಶ್ನೆಯನ್ನು ಅವಳ ಅಪ್ಪನೂ ಕೇಳಿದರು. ಹುಡುಗಿಯನ್ನೇ ಕೇಳಿದರೆ ತುಟಿ ಬಿಗಿದುಕೊಂಡು ಡಾಕ್ಟರ ಮುಖ ನೋಡಿದಳು. ಇಷ್ಟು ಮಾತಾಡುವ ಹುಡುಗಿ ಇದೊಂದಕ್ಕೆ ಯಾಕೆ ಬಾಯಿ ಕಟ್ಟಿಕೊಂಡಿದ್ದಾಳೆ ಅಂತ ನನಗೆ ಒಳಗೊಳಗೇ ಕೆರೆತ ಶುರುವಾಯಿತು.

ಬಂದಿದ್ದೀರಲ್ಲ, ಹಲ್ಲಿನ ಕೆಲಸ ಮುಗಿಸಿಬಿಡೋಣ ಎಂದರು ಡಾಕ್ಟರು. ಅಪ್ಪ ಒಪ್ಪಲಿಲ್ಲ.

"ಇಲ್ಲ ಸಾರ್. ನಮ್ಮವ್ವ ಹೇಳ್ಬುಟ್ಟವ್ರೆ. ಮುದ್ದೆ ಯಾಕ್ ಬಿಟ್ಲು ಅನ್ನೋದು ಗೊತ್ತಾಗೋಗಂಟ ಆ ಹಲ್ಲು ಮುಟ್ಟಿಸ್ಬೇಡ ಅಂತ. ಅವ್ರು ಉಣ್ಣೋದೂ ಕಮ್ಮಿ ಮಾಡ್ಬುಟ್ಟವ್ರೆ."

ಆಗ ತಿಳಿಯಿತು, ದೂರು ಅಪ್ಪನದಲ್ಲ, ಅಜ್ಜಿಯದು. ಆ ಮನೆಯಲ್ಲಿ ಮಗುವಿಗೆ ಮುದ್ದೆ ತಿನ್ನಿಸುವುದು ಹುಟ್ಟಿದಾಗಿನಿಂದ ಅಜ್ಜಿಯ ಕೈಯಂತೆ. ಅಜ್ಜಿ ಒಂದು ತುತ್ತು ತಾನು ನುಂಗಿ, ಒಂದು ತುತ್ತು ಮೊಮ್ಮಗಳ ಬಾಯಿಗಿಡುತ್ತಾರೆ. ಈಗ ಆ ಕೈ ಹತ್ತಿರ ಬಂದರೆ ಹುಡುಗಿ ಮುಖ ತಿರುಗಿಸುತ್ತಾಳೆ.

ಅವರು ಹೋದ ಮೇಲೆ, ಭಾನುವಾರ ಅವರ ಮನೆಗೆ ಹೋಗಿ ಬರೋಣ ಅಂತ ಡಾಕ್ಟರಿಗೆ ಹೇಳಿದೆ.

"ಬಾಯಿ ನೋಡಿದ್ರ ಸಾಕಲ್ಲರೀ. ಮನಿ ಯಾಕ ನೋಡ್ಬೇಕು?"

"ಆ ಬಾಯಿ ಉಣ್ಣೋದು ಮನೇಲಿ ತಾನೆ ಸಾರ್."

ಅವರು ನಕ್ಕರು. ಅರ್ಧಕ್ಕೆ ನಿಂತ ಹಲ್ಲು ಅವರನ್ನೂ ಕೊರೆಯುತ್ತಿತ್ತು ಅಂತ ಕಾಣುತ್ತದೆ, ಬರಲು ಒಪ್ಪಿಕೊಂಡರು.

ಬೇಕೆಂದೇ ಊಟದ ಹೊತ್ತಿಗೆ ಹೋದೆವು. ರಾಗಿ ಕೊಯ್ದು ಬಣವೆ ಹಾಕಿ ಮುಗಿದಿತ್ತು. ಮನೆ ಮುಂದಿನ ಜಗಲಿಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಈ ಅಜ್ಜಿಗೆ ಕಡಲೆಯ ಹಂಗೇ ಇಲ್ಲ, ಮುದ್ದೆ ಸಾರು ಇದ್ದರೆ ಸಾಕು ಅನ್ನುವಂತಿತ್ತು ಆ ಮುಖ. ಆದರೆ ನಮ್ಮನ್ನು ನೋಡಿದಾಗ ಆ ಮುಖದಲ್ಲಿ ನಗು ಇರಲಿಲ್ಲ.

"ನೀವೇ ಏನಪ್ಪಾ ಡಾಕ್ಟ್ರು? ಎಳೇ ಹುಡುಗ ಕಣಪ್ಪ ನೀನು. ಬಾ, ಮೊದ್ಲು ಉಣ್ಣು. ಆಮೇಲೆ ಮಾತಾಡಾನ."

ಊಟಕ್ಕೆ ಕೂತೆವು. ಬಿಸಿ ಮುದ್ದೆ, ಅವರೆಕಾಳಿನ ಸಾರು. ಹುಡುಗಿ ತನ್ನ ತಟ್ಟೆಯಲ್ಲಿ ಅನ್ನ ಹಾಕಿಸಿಕೊಂಡು ಡಾಕ್ಟರ ಎದುರಿಗೇ ಬಂದು ಕೂತಳು. ಅಜ್ಜಿ ತಮ್ಮ ಮುದ್ದೆಯಿಂದ ಗೋಲಿಯಷ್ಟು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಅವಳ ಕಡೆ ಚಾಚಿದರು. ಅವಳು ಮುಖ ಆ ಕಡೆ ತಿರುಗಿಸಿದಳು. ಅಜ್ಜಿಯ ಕೈ ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿತ್ತು, ಆಮೇಲೆ ತಟ್ಟೆಗೆ ವಾಪಸ್ಸಾಯಿತು. ನನಗೆ ಮಗುವಿನ ಮೇಲೆ ಸಿಟ್ಟು ಬಂತು.

ಅಷ್ಟರಲ್ಲಿ ಅಜ್ಜಿ ಡಾಕ್ಟರನ್ನೇ ದಿಟ್ಟಿಸಿ ನೋಡತೊಡಗಿದರು. ನಾನೂ ತಿರುಗಿದೆ. ಡಾಕ್ಟರು ಮುದ್ದೆಯ ದೊಡ್ಡ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದರು. ನಿಧಾನವಾಗಿ, ಈ ದವಡೆಯಿಂದ ಆ ದವಡೆಗೆ ಹೊರಳಿಸುತ್ತಾ, ಜೋಳದ ರೊಟ್ಟಿ ಅಗಿಯುವ ಹಾಗೆ. ಮುದ್ದೆ ಹಲ್ಲಿಗೆಲ್ಲ ಮೆತ್ತಿಕೊಂಡು, ಅಂಗುಳಕ್ಕೆ ಅಂಟಿಕೊಂಡು ಅವರ ಕಣ್ಣಲ್ಲಿ ನೀರು ಬರುವಂತಾಗಿತ್ತು. ಮರ್ಯಾದೆಗೆ ಬಿದ್ದು ಅಗಿಯುವುದನ್ನು ಬಿಟ್ಟಿರಲಿಲ್ಲ.

"ಅಯ್ಯೋ ಶಿವನೆ," ಅಂದರು ಅಜ್ಜಿ. "ಇವನೂ ಅಗಿತಾವ್ನೆ ಕಣವ್ವ. ಇವ್ಳೂ ಮೊದ್ಲು ಎರಡು ದಿನ ಹಿಂಗೇ ಮಾಡಿದ್ಲು. ಬಾಯೆಲ್ಲಾ ಮೆತ್ಕಂಡು ಓಕರಿಸಿ ಬಿಟ್ಟಾಕಿದ್ಲು. ನಾನು ಔಷ್ದಿಗೆ ಹಂಗಾಯ್ತದೆ ಅನ್ಕಂಡಿದ್ದೆ."

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ದೊಡ್ಡವರ ಪಕ್ಕ ಕೂತು ತಾನಾಗಿ ಬರುವ ವಿದ್ಯೆ ಅದು. ಹೇಳಿಕೊಡದೆ ಬಂದದ್ದು ಬೇಕಾದಾಗ ನೆನಪಿಗೂ ಬರುವುದಿಲ್ಲ. ಕ್ಲಿನಿಕ್ಕಿನಲ್ಲಿ ಗಂಟೆಗಟ್ಟಲೆ ಹಲ್ಲು, ವಸಡು, ಬೇರು ಅಂತ ಮಾತಾಡಿದ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಡಾಕ್ಟರಿಗೆ ಗೊತ್ತಿರಲು ಕಾರಣವೇ ಇಲ್ಲ, ಅವರ ಡಬ್ಬಿಯಲ್ಲಿ ದಿನವೂ ರೊಟ್ಟಿ, ಶೇಂಗಾ ಚಟ್ನಿ.

ನಾನು ಹುಡುಗಿಯನ್ನು ಹತ್ತಿರ ಕರೆದೆ. "ಯಾಕವ್ವ ಮುದ್ದೆ ಅಗಿಯೋಕ್ ಹೋದೆ? ಮೊದಲೆಲ್ಲ ನುಂಗ್ತಿದ್ದೆ ತಾನೆ?"

ಅವಳು ಡಾಕ್ಟರ ಕಡೆ ನೋಡಿದಳು. ತನ್ನ ಪಕ್ಷದವರೊಬ್ಬರು ಎದುರಿಗೇ ಕೂತು ಅಗಿಯುತ್ತಿದ್ದಾರೆಂಬ ಧೈರ್ಯವೋ ಏನೋ, ಈ ಸಲ ಬಾಯಿ ಬಿಟ್ಟಳು.

"ಡಾಕ್ಟ್ರಂಕಲ್ ಹೇಳವ್ರೆ. ಅಗೀದೆ ನುಂಗಿದ್ರೆ ಹಲ್ಲು ಮುನಿಸ್ಕಂಡು ಒಂದೊಂದೇ ಹೊಂಟೋಯ್ತವೆ ಅಂತ."

ಅದೇ ಆ ಬುದ್ಧಿಮಾತು. ನಮ್ಮ ಡಾಕ್ಟರು ಪ್ರತಿ ಮಗುವಿಗೂ ಹೇಳುತ್ತಾರೆ. ಬಾಗಿಲಾಚೆಯಿಂದ ಕೇಳಿ ಕೇಳಿ ನನ್ನ ಕಿವಿಗೆ ಅದು ಫ್ಯಾನಿನ ಸದ್ದಿನಂತೆ ಆಗಿಹೋಗಿತ್ತು. ಆದರೆ ಹುಡುಗಿ ಅಲ್ಲಿಗೇ ನಿಲ್ಲಿಸಲಿಲ್ಲ. ಬೆರಳು ಅಜ್ಜಿಯ ಕಡೆ ತೋರಿಸಿದಳು.

"ಅಜ್ಜಿ ಮುದ್ದೆ ನುಂಗುತ್ತೆ. ಅಜ್ಜಿಗೆ ಒಂದ್ ಹಲ್ಲೂ ಇಲ್ಲ." ಆಮೇಲೆ ತನ್ನ ಮುಂದಿನ ಹಲ್ಲನ್ನು ನಾಲಿಗೆಯಿಂದ ಅಲ್ಲಾಡಿಸಿ ತೋರಿಸಿದಳು. "ನಂದೂ ಶುರುವಾಗೈತೆ."

ಯಾರಿಗೂ ನಗು ಬರಲಿಲ್ಲ. ಅವಳ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಅಂತ ನಾನು ಹುಡುಕಿದೆ, ಸಿಗಲಿಲ್ಲ. ದೊಡ್ಡವರು ಒಂದು ಮಾತು ಹೇಳಿದ್ದರು. ಅವಳು ಮನೆಗೆ ಬಂದು ನೋಡಿದಳು, ಎದುರಿಗೇ ಸಾಕ್ಷಿ ಕೂತಿತ್ತು. ಇಷ್ಟು ದಿನ ಅದನ್ನು ಬಾಯಿ ಬಿಟ್ಟು ಹೇಳದೆ ಇದ್ದದ್ದು ಅಜ್ಜಿಗೆ ಬೇಜಾರಾಗುತ್ತದೆ ಅಂತ. ಅದನ್ನೂ ಅವಳೇ ಹೇಳಿದಳು. ಸ್ವಲ್ಪ ಹೊತ್ತಿನ ಮುಂಚೆ ಸಿಟ್ಟು ಮಾಡಿಕೊಂಡದ್ದು ಈ ಮಗುವಿನ ಮೇಲೆಯೇ ಅಂತ ನನಗೆ ನಾಚಿಕೆಯಾಯಿತು.

"ನಂದು ನುಂಗಿ ಹೋಗಿದ್ದಲ್ಲ ಕಣ್ ಮಗಾ," ಎಂದರು ಅಜ್ಜಿ. "ಹೊಗೆಸೊಪ್ಪು ಹಾಕ್ಕಂಡ್ ಹಾಕ್ಕಂಡ್ ಹೋಯ್ತು."

"ಅಜ್ಜಿ ನಂಗೆ ಉಣ್ಸಕ್ಕೆ ಸುಳ್ಳೇಳ್ತದೆ," ಅಂದಳು ಹುಡುಗಿ ನನಗೆ ಮಾತ್ರ ಕೇಳುವ ಹಾಗೆ.

ಡಾಕ್ಟರು ಕೆಮ್ಮಿ, ನೀರು ಕುಡಿದು, ಬಾಯಿ ಖಾಲಿ ಮಾಡಿಕೊಂಡರು. ಅಲ್ಲಾಡುವ ಹಲ್ಲಿನ ಅಡಿಯಲ್ಲಿ ಹೊಸದು ಬರುತ್ತಿದೆ, ಎಲ್ಲ ಮಕ್ಕಳಿಗೂ ಹೀಗೇ ಅಂತ ಹೇಳಿ ನೋಡಿದರು. ಅವಳು ಒಪ್ಪಲಿಲ್ಲ. ಒಮ್ಮೆ ಒಂದು ಹೇಳಿ ಈಗ ಇನ್ನೊಂದು ಹೇಳುವವರನ್ನು ನಂಬುವುದು ಹೇಗೆ? ಕೊನೆಗೆ ಅವರು ತಟ್ಟೆಯನ್ನು ಅಜ್ಜಿಯ ಕಡೆ ಸರಿಸಿದರು.

"ನನಗ ನುಂಗೋದ ಕಲಿಸ್ರೀ ಅಜ್ಜಿ. ನನ್ನ ಹಲ್ಲು ಬೀಳ್ತಾವೋ ಇಲ್ಲೋ ಈಕಿನ ನೋಡ್ಲಿ."

ಅಜ್ಜಿ ಚಿಕ್ಕದಾಗಿ ಮುರಿಯುವುದು, ಉಂಡೆ ಮಾಡುವುದು, ಸಾರಲ್ಲಿ ಪೂರ್ತಿ ಮುಳುಗಿಸುವುದು, ನಾಲಿಗೆಯ ಹಿಂಭಾಗಕ್ಕೆ ಜಾರಿಸುವುದು ಎಲ್ಲ ತೋರಿಸಿಕೊಟ್ಟರು. ಡಾಕ್ಟರು ಮೊದಲ ತುತ್ತಿಗೆ ತಿಣುಕಿದರು, ಎರಡನೆಯದಕ್ಕೆ ಕಣ್ಣು ಮುಚ್ಚಿದರು, ಆಮೇಲೆ ಮುದ್ದೆ ತಾನೇ ದಾರಿ ಕಂಡುಕೊಂಡಿತು. ಹುಡುಗಿ ರೆಪ್ಪೆ ಹೊಡೆಯದೆ ನೋಡುತ್ತಿದ್ದಳು. ಮುದ್ದೆ ಮುಗಿದ ಮೇಲೆ ಡಾಕ್ಟರು ಬಾಯಿ ತೆರೆದು ತೋರಿಸಿದರು. ಹಲ್ಲುಗಳೆಲ್ಲ ಇದ್ದವು.

"ಇವಾಗಲೇ ಬೀಳಲ್ಲ," ಅಂದಳು ಅವಳು. "ನಾಳೆ ನೋಡ್ತೀನಿ."

ಅಜ್ಜಿಯ ಮುಖ ಮತ್ತೆ ಇಳಿದುಹೋಯಿತು. ನಮ್ಮನ್ನು ಕಳಿಸಲು ಬಾಗಿಲಿಗೆ ಬಂದಾಗ ಅವರು ನನ್ನ ಕೈ ಹಿಡಿದುಕೊಂಡು, "ನನ್ ಕೈಯಿ ಬ್ಯಾಡ್ದಂಗೆ ಆಗೋಯ್ತೇನೋ ಅನ್ಕಂಡಿದ್ದೆ ಕಣವ್ವ. ಬ್ಯಾಡ್ದಿದ್ದು ಕೈಯಲ್ಲವಲ್ಲ, ಅಷ್ಟು ಸಾಕು," ಎಂದರು. ಸಾಕು ಅಂದರೂ ಅವರಿಗೆ ಅಷ್ಟು ಸಾಕಾಗಿಲ್ಲ ಅನ್ನುವುದು ನನಗೆ ಕಾಣುತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೇ ಅಜ್ಜಿ, ಮೊಮ್ಮಗಳು ಮೆಟ್ಟಿಲ ಮೇಲೆ ಕೂತಿದ್ದರು. ಅಜ್ಜಿಯ ಮಡಿಲಲ್ಲಿ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿ ಇತ್ತು. ಡಾಕ್ಟರು ಬಂದದ್ದೇ ತಡ, ಹುಡುಗಿ ಟೋಕನ್ ಗೀಕನ್ ಏನನ್ನೂ ಕೇಳದೆ ನೆಟ್ಟಗೆ ಒಳಗೆ ನುಗ್ಗಿದಳು. ನಾನು ಹಿಂದೆಯೇ ಹೋದೆ. ನೋಡದೆ ಬಿಡುವ ಜೀವವೇ ನನ್ನದು?

"ಆ ಅನ್ನಿ," ಅಂದಳು ಡಾಕ್ಟರಿಗೆ.

ಅವರು ನಗಲಿಲ್ಲ. ರೋಗಿ ಕೂರುವ ಕುರ್ಚಿಯಲ್ಲಿ ತಾವೇ ಕೂತು, ದೀಪ ಹಾಕಿಕೊಂಡು, ಪುಟ್ಟ ಕನ್ನಡಿಯನ್ನು ಅವಳಿಗೆ ಕೊಟ್ಟರು. ಮುಟ್ಟಿ ನೋಡಬೇಕು ಅಂದಾಗ ಕೈಗವಸು ಹಾಕಿಸಿದರು. ಅವಳ ಬೆರಳಿಗೆ ಅದು ದೊಡ್ಡದಾಗಿ ತುದಿಯಲ್ಲಿ ಜೋಲುತ್ತಿತ್ತು. ಅವಳು ಅವರ ಮುಂದಿನ ಹಲ್ಲುಗಳನ್ನು ಒಂದೊಂದಾಗಿ ಹಿಡಿದು ಅಲ್ಲಾಡಿಸಿದಳು. ಹಿಂದಿನವನ್ನು ಕನ್ನಡಿಯಲ್ಲಿ ನೋಡಿದಳು. ಯಾವುದೂ ಅಲುಗಲಿಲ್ಲ. ಬಹಳ ಹೊತ್ತು ಯೋಚಿಸಿ, ಕೈಗವಸು ತೆಗೆದು ಟ್ರೇ ಮೇಲಿಟ್ಟು, ಹೊರಗೆ ಬಂದು ಅಜ್ಜಿಯ ಪಕ್ಕ ಬೆಂಚಿನ ಮೇಲೆ ಕೂತು ಬಾಯಿ ತೆರೆದಳು.

ಅಜ್ಜಿ ಡಬ್ಬಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು, ಮುಚ್ಚಳ ನಾನು ತೆಗೆದುಕೊಟ್ಟೆ. ಗೋಲಿಯಷ್ಟು ಮುರಿದರು, ಉಂಡೆ ಮಾಡಿದರು, ಸಾರಲ್ಲಿ ಮುಳುಗಿಸಿ ಬಾಯಿಗಿಟ್ಟರು. ಹುಡುಗಿ ಗಟಕ್ಕನೆ ನುಂಗಿದಳು. ನುಂಗಿ, ತನ್ನ ಅಲ್ಲಾಡುವ ಹಲ್ಲನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಅದು ಅಲ್ಲೇ ಇತ್ತು.

"ಈಗ ಕರ್ಕಂಡ್ ಹೋಗವ್ವ," ಅಂದರು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಆ ಹಲ್ಲಿಗೆ ಅದೇನ್ ಮಾಡ್ಬೇಕೋ ಮಾಡ್ಲಿ."

ನಾನು ಕೈ ಚಾಚಿದೆ. ಹುಡುಗಿ ಏಳಲಿಲ್ಲ. ಅಜ್ಜಿಯ ಕಡೆ ತಿರುಗಿ ಮತ್ತೆ ಬಾಯಿ ತೆರೆದಳು. ಒಳಗೆ ಡಾಕ್ಟರು ಎಲ್ಲ ಸಿದ್ಧ ಮಾಡಿಕೊಂಡು ಕಾಯುತ್ತಿದ್ದರು. ಕಾಯಲಿ ಅಂತ ನಾನು ಆ ಕೋಣೆಯ ಬಾಗಿಲು ಎಳೆದುಕೊಂಡೆ.