ಗಿಳಿಯ ಹೊಟ್ಟೆಯೊಳಗಿನ ಎಮ್ಮೆ

ನಮ್ಮ ಅಜ್ಜಿಗೆ ಮನೆದೇವರ ಮೇಲಿದ್ದುದಕ್ಕಿಂತ ಹೆಚ್ಚು ನಂಬಿಕೆ ಕಾಗದದ ಗಿಳಿಯ ಮೇಲಿತ್ತು. ದೇವರನ್ನು ಪೂಜಾರಿಯ ಕೈಗೆ ಬಿಟ್ಟಿದ್ದಳು, ಗಿಳಿಯನ್ನು ಯಾರ ಕೈಗೂ ಬಿಡುತ್ತಿರಲಿಲ್ಲ. ಮದುವೆ ಚಪ್ಪರಕ್ಕೆ ಬಣ್ಣದ ಕಾಗದ ಮಡಚಿ ಗಿಳಿಗಳ ಸಾಲು ಕಟ್ಟುವುದು ಅವಳು ತವರೂರು ಅತನೂರಿನಿಂದ ತಂದ ವಿದ್ಯೆ. ಗಿಳಿಯ ಕುತ್ತಿಗೆ ಎಡಕ್ಕೆ ತಿರುಗಿರಬೇಕು, ಬಾಲಕ್ಕೆ ಮೂರು ಮಡಿಕೆ, ಕಣ್ಣಿಗೆ ಕಾಡಿಗೆ, ಕೊರಳಿಗೆ ಖಣದ ಚೂರು. ನಮ್ಮಪ್ಪ ಆಳಂದದಲ್ಲಿ ದರ್ಜಿಯಾಗಿದ್ದರಿಂದ ಖಣದ ಚೂರಿಗೇನೂ ಬರವಿರಲಿಲ್ಲ. ಬೇರೆಯವರ ಚಪ್ಪರದಲ್ಲಿ ಬಲಕ್ಕೆ ತಿರುಗಿದ ಹಕ್ಕಿ ಕಂಡರೆ, "ಅದು ಗಿಳಿ ಅಲ್ಲ, ಕಾಗಿ. ಇವರು ಯಾವ ಮನಿತನದವರೋ ಏನೋ" ಎಂದು ಬೈಯುತ್ತಿದ್ದಳು, ಅವರ ಮನೆಯ ಊಟ ಮುಗಿದ ಮೇಲೆ.

ಪಕ್ಕದ ಮನೆಯಲ್ಲಿ ಒಬ್ಬ ಚಪರಾಸಿಯ ಸಂಸಾರವಿತ್ತು. ಅವನು ತಹಸೀಲ ಕಚೇರಿಯಲ್ಲಿ ಕೆಲಸಕ್ಕಿದ್ದ. ಅವನ ಹೆಂಡತಿಯನ್ನು ನಾವು ಖಾಲಾ ಅನ್ನುತ್ತಿದ್ದೆವು. ಮೊಹರಮ್ಮಿನ ತಾಬೂತಿಗೆ ಕಾಗದದ ಹೂ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅಜ್ಜಿ ಗಿಳಿ ಮಡಚಲು ಕೂತಾಗಲೆಲ್ಲ ಅವಳು ಬಂದು ಹತ್ತಿರ ಕೂರುತ್ತಿದ್ದಳು.

"ಯವ್ವಾ, ಈ ಗಿಳಿ ನಿಮ್ಮದು ಹೆಂಗ ಆಗ್ತದರಿ? ಸರಸಂಬಾ ಊರಾಗ ನಮ್ಮ ನಾನಿ ಮಾಡ್ತಿದ್ದಳು. ನಿಮ್ಮವ್ವ ಅಕಿನ್ನ ನೋಡಿ ಕಲ್ತಿರಬೇಕು."

"ನಿಮ್ಮ ನಾನಿನೇ ನಮ್ಮವ್ವನ್ನ ನೋಡಿ ಕಲ್ತಾಳ ಬೇ. ಕಲ್ತರೂ ಕುತ್ತಿಗಿ ಛಂದ ಬರಲಿಲ್ಲ, ಪಾಪ."

ಆ ಇಬ್ಬರು ಮುದುಕಿಯರೂ ಯಾವಾಗಲೋ ತೀರಿಹೋಗಿದ್ದರು. ಸಾಕ್ಷಿ ಹೇಳುವವರಿಲ್ಲದ್ದರಿಂದ ಜಗಳ ವರ್ಷಗಟ್ಟಲೆ ಗಟ್ಟಿಮುಟ್ಟಾಗಿ ನಡೆದುಬಂತು.

ನಮ್ಮಕ್ಕನ ಮದುವೆ ಜೇವರ್ಗಿಯ ಹುಡುಗನ ಜೊತೆ ಗೊತ್ತಾದಾಗ ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆಯುತ್ತಿತ್ತು. ಅದರಿಂದ ನಮಗೆ ಆದ ನಷ್ಟವೆಂದರೆ ಅಂಗಡಿಗಳಲ್ಲಿ ಬಣ್ಣದ ಕಾಗದ ಸಿಗದೇ ಹೋಯಿತು. ಗಿಳಿ ಇಲ್ಲದೆ ಮದುವೆ ಇಲ್ಲ ಎಂದು ಅಜ್ಜಿ ಹಟ ಹಿಡಿದಳು.

"ಗಿಳಿ ಇಲ್ಲಂದ್ರ ಮದವಿ ನಿಲ್ಲತದೇನವ್ವಾ?" ಎಂದ ಅಪ್ಪ.

"ನಿಲ್ಲಲಿ. ನಾವು ಯಾರಂತ ಜೇವರ್ಗಿಯವರಿಗೆ ಹೆಂಗ ತಿಳಿಬೇಕು? ನಿನ್ನ ಮಾರಿ ನೋಡೇನು?"

ಮರುದಿನ ಖಾಲಾ ಒಂದು ದೊಡ್ಡ ಗಂಟು ಹೊತ್ತು ತಂದಳು. ಕಚೇರಿಯಲ್ಲಿ ಬೇಡವೆಂದು ಎಸೆದ ರದ್ದಿ ಅದು. ಒಂದು ಮಗ್ಗುಲು ಉರ್ದು ಬರಹ, ಇನ್ನೊಂದು ಮಗ್ಗುಲು ಖಾಲಿ. ಅರಿಶಿನ, ಕುಂಕುಮ, ಸೊಪ್ಪಿನ ರಸ ಸವರಿ ಒಣಗಿಸಿ, ನಾವು ಮೂವರೂ ಮೂರು ಮಧ್ಯಾಹ್ನ ಕೂತು ಮಡಚಿದೆವು. ಹನ್ನೆರಡು ವರ್ಷದ ನಾನು ಮಡಚಿದ ಗಿಳಿಗಳೆಲ್ಲ ಕಪ್ಪೆಯಂತೆ ಕಾಣುತ್ತಿದ್ದವು. "ಇವನ್ನ ಬಚ್ಚಲ ಕಡಿ ಕಟ್ಟು" ಎಂದಳು ಅಜ್ಜಿ. ಏನು ಬರೆದಿದೆ ಎಂದು ಖಾಲಾಳನ್ನು ಕೇಳಿದೆ. ಕುರಾನು ಓದಬಲ್ಲ ಅವಳಿಗೂ ಕಚೇರಿಯ ಗೀಚುಬರಹ ತಿಳಿಯಲಿಲ್ಲ; ಕಾಗದವನ್ನು ಕಣ್ಣಿಗೆ ಹಿಡಿದು, "ಇದು ಅಕ್ಷರ ಅಲ್ಲ, ಇರವಿ ಸಾಲು" ಎಂದು ಕೆಳಗಿಟ್ಟಳು.

ಮದುವೆಯ ದಿನ ಗಂಡಿನ ಕಡೆಯವರು ಬಂದರು. ಗಂಡಿನ ಸೋದರಮಾವನಿಗೆ ಉರ್ದು ಬರುತ್ತಿತ್ತು. ಅದನ್ನು ತೋರಿಸಿಕೊಳ್ಳಲೆಂದೇ ಆ ಸುಡು ಬಿಸಿಲಲ್ಲಿ ಶೇರ್ವಾನಿ ತೊಟ್ಟಿದ್ದ. ಹೆಣ್ಣು ನೋಡಲು ಬಂದಾಗ "ಹುಡುಗಿ ಜರಾ ಕಪ್ಪು" ಎಂದು ಎಲ್ಲರೆದುರು ಹೇಳಿದ್ದವನೂ ಅವನೇ. ಚಪ್ಪರದ ಕೆಳಗೆ ಕೂತು ಶರಬತ್ತು ಕುಡಿಯುತ್ತ ಮೇಲೆ ನೋಡಿದ. ಒಂದು ಗಿಳಿಯನ್ನು ಕಿತ್ತು, ಬಿಚ್ಚಿ, ಕನ್ನಡಕ ಹಾಕಿಕೊಂಡ.

"ಯಜಮಾನ್ರ, ಇದೇನ್ರಿ?"

"ಗಿಳಿ ರಿ," ಎಂದ ಅಪ್ಪ.

"ಗಿಳಿ ಅಂತ ನನಗೂ ಗೊತ್ತದ. ಹೊಟ್ಟ್ಯಾಗ ಏನದ ಕೇಳ್ರಿ." ಅವನು ಕನ್ನಡ ಮಾಡಿ ಓದಿದ: "ಬಣ್ಣ ಕಪ್ಪು. ವಯಸ್ಸು ಸುಮಾರು ಎಂಟು. ಎಡ ಕೊಂಬು ಮುರದದ. ಒದಿಯೂ ಚಟ ಅದ. ವಾರಸುದಾರರು ಬಂದು ಕರಕೊಂಡು ಹೋಗಬೇಕು."

ಓದಿ ಮುಗಿಸಿ ಕಾಗದವನ್ನು ಅಪ್ಪನ ಮುಖದೆದುರು ಹಿಡಿದ.

"ಹುಡುಗಿ ಕಪ್ಪು ಅಂತ ನಾನೇನೋ ಒಂದು ಮಾತು ಆಡಿದ್ದಕ್ಕ ಹಿಂಗ ತೂಗಹಾಕಿ ಮರ್ಯಾದಿ ತಗೀತೀರೇನ್ರಿ?"

ಚಪರಾಸಿ ಓಡಿಬಂದು ಕೈಮುಗಿದ. "ಸಾಹೇಬ್ರ, ಅದು ಬಿಡಾಡಿ ದನ ಕೂಡಿಹಾಕೂ ಕೊಂಡವಾಡದ ಕಾಗದ ರಿ. ತಪ್ಪಿಸಿಕೊಂಡ ಎಮ್ಮಿದು. ಅದರ ಮಾಲಕ ಯಾವಾಗೋ ಬಂದು ಹೊಡಕೊಂಡು ಹೋಗ್ಯಾನ ರಿ."

ಹೆಂಗಸರ ಕಡೆಯಿಂದ ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ತಡೆಯುವವರೇ ಇಲ್ಲ. ಉರ್ದು ಬಲ್ಲವರೆಲ್ಲ ಎದ್ದು ಗಿಳಿ ಕಿತ್ತು ಓದತೊಡಗಿದರು. ಒಬ್ಬನಿಗೆ ಕಿವಿ ಹರಿದ ಆಡು ಬಂತು, ಒಬ್ಬನಿಗೆ ಕುಂಟ ಹೋರಿ. ಸೋದರಮಾವನ ತಲೆಯ ಮೇಲೇ ತೂಗುತ್ತಿದ್ದುದನ್ನು ಒಬ್ಬ ಕಿತ್ತು ಓದಿದ: "ಗಂಡು ಕತ್ತೆ. ಒದರೂದು ಬಾಳ. ವಾರಸುದಾರರು ಯಾರೂ ಬಂದಿಲ್ಲ." ಸೋದರಮಾವ ಶೇರ್ವಾನಿಯ ಗುಂಡಿ ಬಿಚ್ಚಿ ಗಾಳಿ ಹಾಕಿಕೊಂಡ.

ಅಜ್ಜಿಗೆ ಎಮ್ಮೆಯ ಚಿಂತೆಯಿರಲಿಲ್ಲ, ಕತ್ತೆಯ ಚಿಂತೆಯೂ ಇರಲಿಲ್ಲ. ಅವಳ ಗಿಳಿಗಳು ಒಂದೊಂದಾಗಿ ಸಾಯುತ್ತಿದ್ದವು. ನಡುವೆ ಬಂದು ನಿಂತಳು.

"ಓದ್ರಿ, ಬೇಕಾದಷ್ಟು ಓದ್ರಿ. ಓದಿದ ಮ್ಯಾಲ ಮೊದಲ ಹೆಂಗಿತ್ತೋ ಹಂಗ ಮಡಚಿ ಕೊಡ್ರಿ."

ಅಷ್ಟು ಜನ ಓದುಬರಹ ಬಲ್ಲವರಲ್ಲಿ ಒಬ್ಬನಿಗೂ ಬರಲಿಲ್ಲ. ಬಾಸಿಂಗ ಕಟ್ಟಿಕೊಂಡು ಕೂತಿದ್ದ ಮದುಮಗನೂ ಒಂದನ್ನು ಬಿಚ್ಚಿಬಿಟ್ಟಿದ್ದ. ಅಜ್ಜಿಯ ಕಣ್ಣು ತನ್ನ ಮೇಲೆ ಬಿದ್ದದ್ದೇ ಗಡಿಬಿಡಿಯಿಂದ ಮಡಚಿದ. ಅದು ದೋಣಿಯಾಯಿತು. ತಲೆ ತಗ್ಗಿಸಿ ಕೂತಿದ್ದ ಅಕ್ಕ, ತಲೆ ಎತ್ತದೆಯೇ ಕೈ ಚಾಚಿ ಆ ಕಾಗದ ತೆಗೆದುಕೊಂಡಳು. ತೊಡೆಯ ಮೇಲಿಟ್ಟು ಏಳೆಂಟು ಮಡಿಕೆ ಹಾಕಿ, ಗಿಳಿ ಮಾಡಿ ಅವನ ಕೈಗೆ ಕೊಟ್ಟಳು. ಅವನು ಅದನ್ನು ಅಕ್ಕಿಕಾಳು ಬೀಳುವ ತನಕ ಕೆಳಗಿಡಲಿಲ್ಲ.

ಜೇವರ್ಗಿಯಲ್ಲಿ ಅಕ್ಕನಿಗೆ ಬೇರೆಯದೇ ತಕರಾರು ಕಾದಿತ್ತು. ಆ ಮನೆಯ ಗುರುತು ನವಿಲು. ಗಿಳಿ ತವರುಮನೆಯದು, ಇಲ್ಲಿ ನಡೆಯುವುದಿಲ್ಲ ಎಂದಳಂತೆ ಅತ್ತೆ. ಮುಂದಿನ ವರ್ಷ ಅಕ್ಕನ ಸೀಮಂತದ ಕುಬಸಕ್ಕೆ ಅಜ್ಜಿ, ನಾನು ಹೋದಾಗ ಬಾಗಿಲಲ್ಲಿ ತೂಗುತ್ತಿದ್ದುದು ಎರಡೂ ಅಲ್ಲ. ತಲೆ ಗಿಳಿಯದು, ಬಾಲ ನವಿಲಿನದು. ಅಜ್ಜಿ ಹೊಸ್ತಿಲಲ್ಲೇ ನಿಂತಳು. ಇನ್ನು ಊಟವಿಲ್ಲದೆ ವಾಪಸು ಹೊರಡಬೇಕಾದೀತು ಎಂದು ನಾನು ಅಡುಗೆಮನೆಯ ಕಡೆ ಇಣುಕಿದೆ.

"ಬಾಲ ಯಾರು ಮಡಚ್ಯಾರ?"

"ನಾನ್ರಿ," ಎಂದಳು ಅಕ್ಕನ ಅತ್ತೆ, ಅವಳೂ ಜಗಳಕ್ಕೆ ಸೆರಗು ಬಿಗಿದುಕೊಂಡೇ ನಿಂತಿದ್ದಳು.

ಅಜ್ಜಿ ಅದನ್ನು ಇಳಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. "ಇಷ್ಟು ಗರಿ ಒಂದೇ ಕಾಗದದಾಗ ಹೆಂಗ ಕುಂದ್ರಿಸಿದ್ರಿ? ಒಂದು ಸಲ ಮಾಡಿ ತೋರಸ್ರಿ, ನೋಡೂಣು."

ಇಬ್ಬರೂ ಪಡಸಾಲೆಯಲ್ಲಿ ಕಾಗದ ಹರಡಿಕೊಂಡು ಕೂತರು. ಕುಬಸಕ್ಕೆ ಬಂದ ಹೆಂಗಸರಿಗೆ ಹೋಳಿಗೆ ಬಡಿಸಲು ಇಬ್ಬರಲ್ಲಿ ಒಬ್ಬರೂ ಏಳಲಿಲ್ಲ. ಕೊನೆಗೆ ಬಸುರಿ ಅಕ್ಕನೇ ಎದ್ದು ತುಪ್ಪದ ಪಾತ್ರೆ ಹಿಡಿದಳು.