ಎರಡನೆಯ ಸೊಸೆ ಬರುವ ಮುನ್ನ

"ಮಕ್ಕಳಾಗದಿದ್ದರೆ ದೋಷ ಸೊಸೆಯದೇ" ಎಂಬ ಮಾತನ್ನು ನಾನು ಎಂದೂ ಒಪ್ಪಿದವನಲ್ಲ. ತಮ್ಮ ತನ್ನ ಮಗನಿಗೆ ಎರಡನೆಯ ಹೆಣ್ಣು ನೋಡತೊಡಗಿದಾಗ, ಹಟ ಹಿಡಿದು ಆ ಮಗ-ಸೊಸೆ ಇಬ್ಬರನ್ನೂ ಆಲಮೇಲದಿಂದ ಬಿಜಾಪುರದ ವೈದ್ಯರಲ್ಲಿಗೆ ಕರೆದೊಯ್ದೆ.

ರಕ್ತಪರೀಕ್ಷೆಯ ಬಳಿಕ ವೈದ್ಯರು, ಇನ್ನೂ ಮೀಸೆ ಮೂಡದ ಮಗನನ್ನು ನೋಡಿ, "ಕೊರತಿ ಇವರದೈತ್ರಿ. ಗಂಡಸ್ತನ ಬೆಳೆಸೋ ಹಾರ್ಮೋನಿನ ಜೀನು ಕೆಟ್ಟಿರಬೇಕು. ತಂದಿ-ತಾಯಿ ಇಬ್ಬರಿಂದಲೂ ಬಂದಿರತೈತಿ" ಎಂದರು.

ನಾನು ಗೊಂದಲಕ್ಕೆ ಬಿದ್ದೆ. ತಮ್ಮ ಮದುವೆಯಾದದ್ದು ನಮ್ಮ ಅಕ್ಕನ ಮಗಳನ್ನೇ. ಅವರಿಗೆ ಮನೆ ತುಂಬ ಮಕ್ಕಳು. ಇಬ್ಬರಲ್ಲೂ ಕಾಣದ ಕೊರತೆ ಮಗನಲ್ಲಿ ಕಾಣುವುದೆಂತು? ಕೇಳಿದ್ದಕ್ಕೆ ವೈದ್ಯರು, "ಒಬ್ಬೊಬ್ಬರಲ್ಲಿ ಒಂದೊಂದು ಕೆಟ್ಟ ಜೀನು ಅಡಗಿರತೈತಿ, ಕಾಣೂದಿಲ್ಲ; ರಕ್ತಸಂಬಂಧದಾಗ ಮದುವಿ ಆದ್ರ ಎರಡೂ ಒಂದೇ ಮಗುವಿಗೆ ಬರಬಹುದು" ಎಂದರು.

ಹೊರಬಂದಾಗ ಸೊಸೆ ಮೆಲ್ಲಗೆ, "ಮಾವಾರ, ಎರಡನೇದಾಕಿ ಬಂದಿದ್ರ ಆಕೀನೂ ಬಂಜಿ ಅನಿಸ್ಕೋತಿದ್ಲು" ಎಂದಳು.

ಆ ಜೀನಿನ ವಿಚಾರ ನನಗೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಆದರೆ ವೈದ್ಯರು ಬರೆದುಕೊಟ್ಟ ಹಾರ್ಮೋನಿನ ಇಂಜೆಕ್ಷನ್ ತೆಗೆದುಕೊಂಡವನು ಮಗ, ಬಸುರಾದವಳು ಅದೇ ಸೊಸೆ. ನಂಬದವರು ಮನೆಗೆ ಬಂದು ಮೊಮ್ಮಗಳನ್ನು ನೋಡಬಹುದು.